ದಾರಿಮಾತು

ಗಾಡಿ ಓಡಿಸುತ್ತ ಆಡಿದ ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯಬಾರದು ಎಂಬುದು ಜನರಿಗೆ ರೂಢಿಯಾಗಿ ಆಗಲೇ ಮೂರು ವರ್ಷವಾಗಿತ್ತು. ಅಂಥ ಮಾತಿಗೆ ಒಂದು ಹೆಸರೂ ಬಿದ್ದಿತ್ತು: ದಾರಿಮಾತು.

ಇದೆಲ್ಲ ದಾರಿಪಟ್ಟಿ ಬಂದ ಮೇಲೆ ಆದದ್ದು. ಎರಡು ಬೆರಳಗಲದ ಬೂದು ಬಣ್ಣದ ಪಟ್ಟಿ ಅದು. ಹಣೆಗೆ ಸುತ್ತಿ ಹಿಂದೆ ಬಿಗಿದುಕೊಳ್ಳಬೇಕು. ಅದನ್ನು ಕಟ್ಟದಿದ್ದರೆ ಗಾಡಿ ಶುರುವೇ ಆಗುತ್ತಿರಲಿಲ್ಲ. ಫೋನ್ ಹಿಡಿದು ಗಾಡಿ ಓಡಿಸಬೇಡಿ ಎಂದು ಸರಕಾರ ಹೇಳಿ ಹೇಳಿ ಸೋತಿತ್ತು. ದಂಡ ಹಾಕಿತು, ಲೈಸೆನ್ಸ್ ಕಿತ್ತುಕೊಂಡಿತು, ಏನೂ ನಡೆಯಲಿಲ್ಲ. ಕೊನೆಗೆ ಯಾರೋ ಬುದ್ಧಿವಂತರು ತಿರುಗಾಮುರುಗಾ ಯೋಚಿಸಿದರು. ಫೋನನ್ನು ಕೈಯಿಂದ ಬಿಡಿಸುವುದು ಆಗದಿದ್ದರೆ ಹೋಗಲಿ, ಮನಸ್ಸನ್ನೇ ದಾರಿಗೆ ಕಟ್ಟಿಹಾಕಿದರಾಯಿತು. ಪಟ್ಟಿಯ ಒಳಗಿನ ತೆಳ್ಳನೆಯ ತಗಡುಗಳು ಮಿದುಳಿನ ಅಲೆಗಳನ್ನು ಓದುತ್ತಿದ್ದವು. ಮನಸ್ಸು ದಾರಿಯಿಂದ ಆಚೀಚೆ ಸರಿದರೆ ಸಾಕು, ಇರುವೆ ಕಚ್ಚಿದಷ್ಟೂ ಗೊತ್ತಾಗದ ಒಂದು ಕರೆಂಟು ಅದನ್ನು ಹಿಂದಕ್ಕೆ ಎಳೆದು ತರುತ್ತಿತ್ತು. ಫೋನಿನಲ್ಲಿ ಮಾತಾಡಲು ಅಡ್ಡಿಯಿರಲಿಲ್ಲ. ರೊಟ್ಟಿ ಬಡಿಯುತ್ತ ಪಕ್ಕದವರ ಮಾತಿಗೆ ಹೂಂಗುಟ್ಟುವ ಹಾಗೆ ಬಾಯಿ ತನ್ನ ಪಾಡಿಗೆ ಉತ್ತರ ಕೊಡುತ್ತಿತ್ತು. ಆದರೆ ಪಟ್ಟಿ ದಾರಿಯನ್ನಲ್ಲದೆ ಬೇರೇನನ್ನೂ ನೆನಪಿಗೆ ಇಳಿಯಲು ಬಿಡುತ್ತಿರಲಿಲ್ಲ. ಗಾಡಿ ನಿಲ್ಲಿಸಿ ಪಟ್ಟಿ ಬಿಚ್ಚಿದರೆ ದಾಟಿದ ಗುಂಡಿ, ತಿರುವು, ಅಡ್ಡ ಬಂದ ಎಮ್ಮೆ ಎಲ್ಲ ನೆನಪಿರುತ್ತಿತ್ತು. ಫೋನಿನಲ್ಲಿ ಆಡಿದ್ದು ಮಾತ್ರ ಒಂದಕ್ಷರವೂ ಉಳಿದಿರುತ್ತಿರಲಿಲ್ಲ.

ಮೊದಮೊದಲು ಮನೆ ಮನೆಯಲ್ಲೂ ಜಗಳ. ಹೆಂಡತಿ ಕೇಳಿದ್ದಕ್ಕೆಲ್ಲ ಗಂಡ ದಾರಿಯಲ್ಲಿ ಹೂಂ ಅಂದು, ಮನೆಗೆ ಬಂದು ನಾನೆಲ್ಲಿ ಅಂದೆ ಎನ್ನುತ್ತಿದ್ದ. ಒಬ್ಬ ಅಪ್ಪನಂತೂ ಮಗಳಿಗೆ ಬಂದ ವರನನ್ನು ಟ್ರ್ಯಾಕ್ಟರ್ ಮೇಲೆ ಕೂತೇ ಒಪ್ಪಿ, ಮರುದಿನ ಬಂದ ಬೀಗರನ್ನು ನೀವು ಯಾರು ಎಂದು ಕೇಳಿದ್ದನಂತೆ. ಬರಬರುತ್ತ ಜನ ಹೊಂದಿಕೊಂಡರು. ಫೋನ್ ಎತ್ತಿದ ತಕ್ಷಣ ಹಲೋ ಅನ್ನುವ ಬದಲು "ಪಟ್ಟಿ ಬಿಚ್ಚೀರೇನು?" ಎಂದು ಕೇಳುವುದು ವಾಡಿಕೆಯಾಯಿತು. ಅಪಘಾತ ಕಮ್ಮಿಯಾದವು ಎಂದು ಎಲ್ಲರೂ ಸಮಾಧಾನಪಟ್ಟರು.

ಗದಗ-ಬೆಟಗೇರಿಯಲ್ಲಿ ಶಾಲೆಯ ವ್ಯಾನ್ ಓಡಿಸುತ್ತಿದ್ದ ಕಸ್ತೂರಿಯೂ ಹಾಗೆ ಸಮಾಧಾನಪಟ್ಟವಳೇ. ಹನ್ನೆರಡು ಮಕ್ಕಳು, ಹನ್ನೆರಡು ಮನೆ, ಹನ್ನೆರಡು ತಾಯಂದಿರ ಫೋನು. "ಎಲ್ಲಿದ್ದೀರಿ? ಯಾಕ ತಡ?" ಎತ್ತದಿದ್ದರೆ ಶಾಲೆಗೆ ದೂರು ಹೋಗುತ್ತಿತ್ತು. ಪಟ್ಟಿ ಬಂದ ಮೇಲೆ ಆ ಕಿರಿಕಿರಿ ತಪ್ಪಿತ್ತು. ಅವರು ಫೋನ್ ಮಾಡುತ್ತಿದ್ದರು, ಅವಳ ಬಾಯಿ ಏನೋ ಹೇಳುತ್ತಿತ್ತು, ವ್ಯಾನ್ ತನ್ನ ದಾರಿಯಲ್ಲಿ ಸಾಗುತ್ತಿತ್ತು.

ಆ ಮಂಗಳವಾರ ಸಂಜೆ ಅವಳು ಮನೆಗೆ ಬಂದಾಗ ತಂಗಿ ದಾಕ್ಷಾಯಣಿ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಜಿಪ್ ಕಿತ್ತುಹೋದ ಒಂದು ಬ್ಯಾಗು.

ಅಕ್ಕತಂಗಿಯರು ಮುಖ ನೋಡಿ ಆರು ವರ್ಷವಾಗಿತ್ತು. ಅಪ್ಪ ಹಾಸಿಗೆ ಹಿಡಿದಾಗ ದಾಕ್ಷಾಯಣಿ ಗಂಡನ ಊರಾದ ರೋಣದಿಂದ ಬರಲಿಲ್ಲ. ಮೂರು ದಿನ ಅವಳ ಹೆಸರು ಹಿಡಿದು ಕರೆದು ಅಪ್ಪ ಜೀವ ಬಿಟ್ಟ. ಮಣ್ಣಾದ ಮರುದಿನ ಗಂಡನ ಜೊತೆ ಬಂದಿಳಿದವಳಿಗೆ ಕಸ್ತೂರಿ ಎಲ್ಲರ ಎದುರಿಗೆ, "ನನ್ನ ಹೊಸ್ತಿಲ ಇನ್ನ ತುಳಿಬ್ಯಾಡ" ಎಂದಿದ್ದಳು. ಫೋನಿನಿಂದ ಅವಳ ನಂಬರನ್ನೂ ಅಳಿಸಿಹಾಕಿದ್ದಳು.

"ಯಾಕ ಬಂದಿ?" ಎಂದಳು ಕಸ್ತೂರಿ.

ದಾಕ್ಷಾಯಣಿ ಎದ್ದು ನಿಂತಳು. "ನೀನ ಬಾ ಅಂದಿ ಅಲ್ಲಾ ಅಕ್ಕಾ."

"ನಾನು? ಯಾವಾಗ?"

"ಇವತ್ತು. ನಾಕು ಹೊಡಿಯೂದ್ರೊಳಗ. ರೋಣದ ಬಸ್ ಸ್ಟ್ಯಾಂಡಿನಿಂದ ಫೋನ್ ಹಚ್ಚಿದ್ದೆ."

ಕಸ್ತೂರಿ ಫೋನ್ ತೆಗೆದು ನೋಡಿದಳು. ಹೆಸರಿಲ್ಲದ ಒಂದು ನಂಬರು. ಮೂರೂವರೆಯಿಂದ ಐದರ ತನಕ ಅವಳು ವ್ಯಾನಿನಲ್ಲಿದ್ದಳು, ಹಣೆಯ ಮೇಲೆ ಪಟ್ಟಿಯಿತ್ತು. ಏನೂ ನೆನಪಾಗಲಿಲ್ಲ. ತಂಗಿಯ ಎಡಗೆನ್ನೆಯ ಮೇಲೆ ಹಳದಿಗಟ್ಟಿದ ಬಾವು ಕಾಣಿಸಿತು. ಏನಾಯಿತು ಎಂದು ಕೇಳಲು ಬಾಯಿ ಬರಲಿಲ್ಲ, ಹೊರಗೆ ಹೋಗು ಅನ್ನಲೂ ಬರಲಿಲ್ಲ. "ಒಳಗ ಬಾ. ಚಹಾ ಕುಡಿ" ಎಂದಳು.

ಗಂಡ ಈರಣ್ಣ ಮನೆಯ ಮುಂದಿನ ಕೋಣೆಯಲ್ಲೇ ಮಿಕ್ಸರ್ ರಿಪೇರಿ ಮಾಡುವವನು. ಅವನು ಸ್ಕ್ರೂಡ್ರೈವರ್ ಹಿಡಿದುಕೊಂಡೇ ಅಡುಗೆಮನೆಗೆ ಬಂದು ದನಿ ತಗ್ಗಿಸಿದ. "ದಾರಿಮಾತು ಅದು. ಅಕಿಗೂ ಗೊತ್ತಿರತೈತಿ. ಎರಡು ದಿನ ಇಟಗೊಂಡು ಸಮಾಧಾನದಿಂದ ಹೇಳಿ ಕಳಸು."

"ನಾ ಯಾಕ ಬಾ ಅಂದೆ?" ಎಂದಳು ಕಸ್ತೂರಿ. ಅವನನ್ನೋ ತನ್ನನ್ನೋ ಕೇಳಿದ್ದು ಅವಳಿಗೇ ತಿಳಿಯಲಿಲ್ಲ.

"ನೀ ಎಲ್ಲಿ ಅಂದಿ? ಬಾಯಿ ಅಂತು."

ಚಹಾ ಸೋಸುವಾಗ ಕಸ್ತೂರಿಗೆ ಇನ್ನೊಂದು ನೆನಪಾಯಿತು. ಆ ದಿನ ನೀರಿನ ಟಾಕಿಯ ತಿರುವಿನಲ್ಲಿ ವ್ಯಾನ್ ರಸ್ತೆ ಬಿಟ್ಟು ಮಣ್ಣಿಗೆ ಇಳಿದಿತ್ತು. ಮಕ್ಕಳು ಕಿರುಚಿದ್ದವು. ಪಟ್ಟಿ ಬಿಚ್ಚಿ ಮಕ್ಕಳನ್ನು ಇಳಿಸುವಾಗ ಎರಡನೆಯ ಕ್ಲಾಸಿನ ಹುಡುಗಿಯೊಬ್ಬಳು, "ಆಂಟಿ, ಎಷ್ಟ ಹೆದರಿಸಿದ್ರಿ!" ಎಂದಿದ್ದಳು. ನಾಯಿ ಅಡ್ಡ ಬಂದಿರಬೇಕು ಎಂದುಕೊಂಡು ಕಸ್ತೂರಿ ಮುಂದೆ ಹೋಗಿದ್ದಳು. ಈಗ ಯೋಚಿಸಿದರೆ ನಾಯಿಯೂ ನೆನಪಾಗುತ್ತಿಲ್ಲ. ಟಾಕಿಯ ಹಿಂದಿನ ಕಿರಾಣಿ ಅಂಗಡಿ ನೆನಪಿತ್ತು, ಮುಂದಿನ ಬೇವಿನ ಮರ ನೆನಪಿತ್ತು. ನಡುವಿನ ತಿರುವು ಮಾತ್ರ ಎಲ್ಲೋ ಮಾಯವಾಗಿತ್ತು. ಫೋನಿನ ಮಾತು ಮರೆಯುವುದು ಸರಿ. ದಾರಿ ಹೇಗೆ ಮರೆಯಿತು?

ಮರುದಿನ ಬೆಳಿಗ್ಗೆ ದಾರಿಪಟ್ಟಿ ಕೇಂದ್ರದಿಂದ ಸಂದೇಶ ಬಂತು. ಪಟ್ಟಿಯ ತಪಾಸಣೆಗಾಗಿ ಬರಬೇಕು, ಪಟ್ಟಿಯನ್ನು ತರಬೇಕು. ಮಕ್ಕಳನ್ನು ಶಾಲೆಗೆ ಬಿಟ್ಟು ಕಸ್ತೂರಿ ಹೋದಳು. ತಿರುವಿಗೆ ಬಂದಾಗ ಸ್ಟೇರಿಂಗನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದಳು.

ಕೇಂದ್ರವೆಂದರೆ ಮೂರನೆಯ ಮಹಡಿಯ ಒಂದು ಉದ್ದನೆಯ ಹಾಲು. ಗೋಡೆಯ ತುಂಬ ಪರದೆಗಳು. ಜಿಲ್ಲೆಯಲ್ಲಿ ಆ ಹೊತ್ತಿಗೆ ಗಾಡಿ ಓಡಿಸುತ್ತಿದ್ದ ಪ್ರತಿಯೊಬ್ಬರ ಮನಸ್ಸೂ ಅಲ್ಲಿ ಒಂದೊಂದು ಹಸಿರು ಗೆರೆಯಾಗಿ ಹರಿಯುತ್ತಿತ್ತು. ಶಹನಾಜ್ ನದಾಫ್ ಎಂಬ ಮೂವತ್ತರ ಆಸುಪಾಸಿನ ಇಂಜಿನಿಯರ್ ಅವಳಿಗೆ ಕುರ್ಚಿ ಎಳೆದುಕೊಟ್ಟಳು.

"ಅಕ್ಕಾರ, ನಿನ್ನೆ ನಿಮ್ಮ ಪಟ್ಟಿ ಸಡಿಲ ಆಗಿತ್ತೇನು?"

"ಇಲ್ಲರೀ ಮೇಡಂ. ದಿನಾ ಕಟ್ಟಿಕೊಂಡಂಗ ಕಟ್ಟಿಕೊಂಡಿದ್ದೆ."

ಶಹನಾಜ್ ಪರದೆಯ ಮೇಲೆ ಒಂದು ಗೆರೆಯನ್ನು ಹಿಗ್ಗಿಸಿದಳು. ನೆಟ್ಟಗೆ ಓಡುತ್ತಿದ್ದ ಹಸಿರು ಒಂದು ಕಡೆ ತುಂಡಾಗಿತ್ತು. ಆಮೇಲೆ ಮತ್ತೆ ಶುರುವಾಗಿತ್ತು. ನಡುವೆ ಬರೀ ಕಪ್ಪು.

"ನಾಕಕ್ಕ ಎಂಟು ನಿಮಿಷ ಇದ್ದಾಗ ಶುರು. ಹನ್ನೊಂದು ಸೆಕೆಂಡು. ನಿಮಗ ಅವಾಗ ಒಂದು ಫೋನ್ ನಡದಿತ್ತು, ಹೌದಿಲ್ಲೋ? ಪಟ್ಟಿ ಸಡಿಲ ಆಗಿದ್ರ ಇಲ್ಲಿ ಕೆಳಗಿನ ಗೆರಿ ಸೊನ್ನಿಗೆ ಬೀಳತಿತ್ತು. ಬಿದ್ದಿಲ್ಲ ನೋಡ್ರಿ. ಪಟ್ಟಿ ಗಟ್ಟಿ ಇತ್ತು. ಹನ್ನೊಂದು ಸೆಕೆಂಡಿನಾಗ ಮೂವತ್ತೊಂದು ಸಲ ನಿಮ್ಮನ್ನ ಹಿಂದಕ್ಕ ಎಳದೈತಿ. ಆದ್ರೂ ನೀವು ಹೋದ್ರಿ."

"ಎಲ್ಲಿಗೆ?"

"ಅದನ್ನ ಕೇಳಾಕಂತನ ನಿಮ್ಮನ್ನ ಕರಸೀನಿ."

ಕಸ್ತೂರಿ ಪೆಚ್ಚಾಗಿ ಕೂತಳು. ತಾನು ಎಲ್ಲಿಗೆ ಹೋಗಿದ್ದೆ ಎಂದು ಇನ್ನೊಬ್ಬರನ್ನು ಕೇಳಬೇಕಾದ ಗತಿ ಯಾರಿಗಾದರೂ ಬಂದೀತೆ? ಶಹನಾಜ್ ವ್ಯಾನಿನ ಮುಂದಿನ ಕ್ಯಾಮೆರಾದಲ್ಲಿ ದಾಖಲಾದದ್ದನ್ನು ಹಚ್ಚಿದಳು. ಕಿರಾಣಿ ಅಂಗಡಿ ಬಂತು. ತಿರುವು ಬಂತು. ವ್ಯಾನ್ ತಿರುಗಲಿಲ್ಲ. ನೇರ ಹೋಯಿತು. ಎದುರಿಗೆ, ಸೈಕಲ್ ಹಿಂದೆ ನೂಲಿನ ಗಂಟು ಕಟ್ಟಿಕೊಂಡು ಒಬ್ಬ ಮುದುಕ ಬರುತ್ತಿದ್ದ. ಅವನು ವ್ಯಾನ್ ನೋಡಿದ, ಕೈ ಎತ್ತಿದ, ಇನ್ನೇನು ಮೈಮೇಲೆ ಬಂತು ಅನ್ನುವಾಗ ಸೈಕಲ್ ಸಮೇತ ಗಟಾರಕ್ಕೆ ಹಾರಿದ. ವ್ಯಾನ್ ಮಣ್ಣಿಗಿಳಿದು, ಗಕ್ಕನೆ ಹೊರಳಿ, ರಸ್ತೆಗೆ ಬಂದು ಮುಂದೆ ನಡೆಯಿತು.

"ಇವರನ್ನ ನಾ ನೋಡೇ ಇಲ್ಲ" ಎಂದಳು ಕಸ್ತೂರಿ. "ಮೇಡಂ, ಖರೇನ ನೋಡಿಲ್ಲ. ಇದು ನನ್ನ ಗಾಡಿ ಹೌದೇನು?"

"ಹೌದರೀ."

ಶಹನಾಜ್ ಆಚೀಚೆ ನೋಡಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಮೂರು ತಿಂಗಳಲ್ಲಿ ಇಂಥ ಒಂಬತ್ತು ತುಂಡು ಗೆರೆ ತನ್ನ ಕಣ್ಣಿಗೆ ಬಿದ್ದಿವೆ ಎಂದಳು. ಒಂಬತ್ತರಲ್ಲೂ ಫೋನ್ ನಡೆದಿತ್ತು. ಮಾತನ್ನು ಕೇಂದ್ರ ಕೇಳುವಂತಿಲ್ಲ, ಕಾನೂನು ಬಿಡುವುದಿಲ್ಲ. ಓಡಿಸಿದವರಿಗೆ ಏನೂ ನೆನಪಿರುವುದಿಲ್ಲ. ಆದ್ದರಿಂದ ಒಂಬತ್ತನ್ನೂ 'ಪಟ್ಟಿ ಸಡಿಲ' ಎಂದು ಬರೆದು ಮುಗಿಸಲಾಗಿದೆ. ಪಟ್ಟಿ ಮನಸ್ಸನ್ನು ಹಿಡಿಯುತ್ತದೆ ಎಂದು ನಂಬಿಯೇ ಊರೆಲ್ಲ ಫೋನಿನಲ್ಲಿ ಮಾತಾಡುತ್ತ ಗಾಡಿ ಓಡಿಸುತ್ತಿದೆ. ಅದು ಹಿಡಿಯದ ಮಾತೂ ಇದೆ ಎಂದು ತೋರಿಸಬೇಕಾದರೆ ಆ ಕಡೆ ಇದ್ದವರು ಯಾರಾದರೂ ಬಾಯಿಬಿಡಬೇಕು.

"ನಿಮಗ ಫೋನ್ ಮಾಡಿದವರು ಯಾರಂತ ಗೊತ್ತೇನು?"

"ನನ್ನ ತಂಗಿ."

"ಆ ಹನ್ನೊಂದು ಸೆಕೆಂಡಿನಾಗ ಏನ ಮಾತಾಡಿದ್ರಿ ಅಂತ ಕೇಳ್ರಿ. ಆದ್ರ ಒಂದು ಮಾತು ಅಕ್ಕಾರ. ನೀವು ಬರದುಕೊಟ್ರ ನಿಮ್ಮ ಲೈಸೆನ್ಸ್ ತಡಹಿಡೀತಾರ. ಬ್ಯಾಡ ಅಂದ್ರ ಇವತ್ತ ಸಂಜಿಕ ಇದೂ 'ಪಟ್ಟಿ ಸಡಿಲ' ಅಂತ ಹೋಗತೈತಿ. ನಾ ಒತ್ತಾಯ ಮಾಡಂಗಿಲ್ಲ."

ಹೊರಗೆ ಬಂದ ಕಸ್ತೂರಿ ವ್ಯಾನನ್ನು ಕೇಂದ್ರದ ಅಂಗಳದಲ್ಲೇ ಬಿಟ್ಟು, ಮಕ್ಕಳನ್ನು ಬೇರೆ ಗಾಡಿಯಲ್ಲಿ ಕಳಿಸಿ ಎಂದು ಶಾಲೆಗೆ ತಿಳಿಸಿದಳು. ಆಟೋದಲ್ಲಿ ನೀರಿನ ಟಾಕಿಯ ತನಕ ಹೋಗಿ ನೇಕಾರರ ಓಣಿಯಲ್ಲಿ ವಿಚಾರಿಸಿದಳು. ಮುದುಕನ ಹೆಸರು ಹನುಮಂತಪ್ಪ. ಮಗ್ಗದ ಮನೆಗಳಿಗೆ ನೂಲು ತಲುಪಿಸುವವನು. ಮೊಣಕಾಲಿಗೆ ಅರಿಶಿನ ಮೆತ್ತಿಕೊಂಡು ಬಾಗಿಲಲ್ಲಿ ಕೂತಿದ್ದ. ಅವಳನ್ನು ನೋಡಿದ್ದೇ ಗುರುತು ಹಿಡಿದ.

"ನೀವ ಅಲ್ಲೇನವಾ, ನಿನ್ನಿ ವ್ಯಾನಿನಾಗ?"

"ಹೌದ್ರಿ ಅಜ್ಜಾರ. ತಪ್ಪಾತು. ನಾ ನಿಮ್ಮನ್ನ ನೋಡಲಿಲ್ಲ."

ಮುದುಕ ಅವಳ ಮುಖವನ್ನೇ ದಿಟ್ಟಿಸಿದ. "ನೋಡಿದ್ರಲ್ಲಾ. ನನ್ನ ಕಣ್ಣಾಗ ಕಣ್ಣಿಟ್ಟು ನೋಡಿದ್ರಿ. ಅದಕ್ಕ ನಾ ಕೈ ಎತ್ತಿದೆ, ನಿಲ್ಲಸ್ತಾರ ಅಂತ. ನೀವು ಅಳಾಕತ್ತಿದ್ರಿ. ರಾತ್ರಿಯೆಲ್ಲ ಅದ ವಿಚಾರ ಮಾಡೀನಿ. ಈ ತಾಯಿ ನನ್ನ ಮುಖಾ ನೋಡಿ ಅಳಕೋತ ನನ್ನ ಮ್ಯಾಲೆ ಯಾಕ ಗಾಡಿ ತಂದ್ಲು ಅಂತ."

ಕಸ್ತೂರಿ ಕೆನ್ನೆ ಮುಟ್ಟಿ ನೋಡಿಕೊಂಡಳು. ತಾನು ಅತ್ತಿದ್ದೆನೇ? ಪಟ್ಟಿ ಬಿಚ್ಚಿದಾಗ ಕೆನ್ನೆ ಒದ್ದೆಯಾಗಿದ್ದದ್ದು ನಿಜ. ಬೆವರು ಎಂದು ಒರೆಸಿಕೊಂಡಿದ್ದಳು. ಅವನ ಕಾಲು ಮುಟ್ಟಿ ನಮಸ್ಕರಿಸಿದಳು. ಅವನು "ಇರಲಿ ಬಿಡವಾ" ಎಂದ. ಆದರೆ ಅವಳು ಓಣಿಯ ಕೊನೆ ಮುಟ್ಟುವ ತನಕ ಆ ಗೊಂದಲದ ಕಣ್ಣುಗಳಿಂದಲೇ ನೋಡುತ್ತಿದ್ದ.

ಮನೆಯಲ್ಲಿ ದಾಕ್ಷಾಯಣಿ ಬ್ಯಾಗಿನ ಬಾಯಿಗೆ ದಾರ ಹಾಕಿ ಹೊಲಿಯುತ್ತ ಕೂತಿದ್ದಳು.

"ಏನ ಮಾಡಾಕತ್ತಿ?"

"ಮಾಮಾ ನಿನ್ನೆ ಅಡಗಿಮನ್ಯಾಗ ನಿನಗ ಹೇಳಿದ್ದು ಕೇಳಸ್ತು ಅಕ್ಕಾ. ಮೂರರ ಬಸ್ಸಿಗೆ ಹೋಗ್ತೀನಿ."

"ಎಲ್ಲಿಗೆ?"

ದಾಕ್ಷಾಯಣಿಯ ಸೂಜಿ ಒಮ್ಮೆ ನಿಂತು ಮತ್ತೆ ನಡೆಯಿತು.

ಕಸ್ತೂರಿ ಎದುರಿಗೆ ನೆಲದ ಮೇಲೆ ಕೂತಳು. "ನಿನ್ನೆ ಫೋನಿನಾಗ ಏನೇನು ಮಾತಾಡಿದ್ವಿ ಹೇಳು. ಒಂದೂ ಬಿಡಬ್ಯಾಡ."

"ಯಾಕ?"

"ನನಗ ಗೊತ್ತಿಲ್ಲ ಅದಕ್ಕ."

ದಾಕ್ಷಾಯಣಿ ಸೂಜಿಯನ್ನು ಬ್ಯಾಗಿಗೆ ಚುಚ್ಚಿಟ್ಟಳು. "ದಾರಿಮಾತು ಅಂತ ನನಗ ಮೊದಲ ಗೊತ್ತಾತು. ನಾ ಏನಂದ್ರೂ ನೀ 'ಹೂಂ, ಆತು, ಹೇಳು' ಅನ್ನಾಕತ್ತಿದ್ದಿ. ನಮ್ಮ ಮನಿಯವರು ಬಾಗಲಾ ಹಾಕ್ಕೊಂಡು ಹೊಡದ್ರು ಅಂದೆ. 'ಹೂಂ' ಅಂದಿ. ಬಸ್ ಸ್ಟ್ಯಾಂಡಿನಾಗ ಕುಂತೀನಿ ಅಂದೆ. 'ಆತು' ಅಂದಿ. ನನಗೂ ಅಷ್ಟ ಸಾಕಿತ್ತು. ಹೆಂಗೂ ನಿನಗ ನೆನಪಿರಂಗಿಲ್ಲ, ಆರು ವರ್ಷದ್ದು ಎಲ್ಲಾ ಹೇಳಿಬಿಡೋಣ ಅಂತ ಹೇಳಿದೆ."

"ಏನ ಹೇಳಿದಿ?"

"ಅಪ್ಪನ ವಿಷಯ." ಅವಳ ದನಿ ಸಣ್ಣದಾಯಿತು. "ಅಪ್ಪ ಹಾಸಿಗಿ ಹಿಡದಾನ ಅಂತ ನೀ ಹೇಳಿ ಕಳಿಸಿದ ದಿನಾನ ನಾ ಹೊಂಟಿದ್ದೆ ಅಕ್ಕಾ. ಬಸ್ಸಿನಾಗ ಕುಂತಿದ್ದೆ. ಟಿಕೀಟ ತಗೊಂಡಿದ್ದೆ. ನಮ್ಮ ಮನಿಯವರು ಬಂದು ಜನರ ಮುಂದ ಕೂದಲಾ ಹಿಡದು ಇಳಿಸಿದ್ರು. ಕೋಣ್ಯಾಗ ಕೂಡಿಹಾಕಿ ಅಪ್ಪಗ ಮಣ್ಣ ಕೊಡೂತನಕ ಬಾಗಲಾ ತಗೀಲಿಲ್ಲ."

ಕಸ್ತೂರಿಯ ಕೈ ತಾನಾಗಿಯೇ ಬಾಯಿಗೆ ಹೋಯಿತು. ಇದನ್ನು ಅವಳು ಈಗಷ್ಟೇ ಕೇಳುತ್ತಿದ್ದಳು. ಆದರೆ ನಿನ್ನೆ ಒಮ್ಮೆ ಕೇಳಿದ್ದಾಗಿತ್ತು. ನಿನ್ನೆಯೂ ಎದೆಯಲ್ಲಿ ಹೀಗೇ ಏನೋ ಕಿತ್ತುಬಂದಿರಬೇಕು. ಅದು ಎಲ್ಲಿ ಹೋಯಿತು?

"ಆಮೇಲೆ?"

"ಆಮೇಲೆ ನೀ ಸುಮ್ನಾದಿ. ಫೋನ್ ಕಟ್ಟಾತು ಅನ್ಕೊಂಡೆ. ಆಮೇಲೆ ನೀ 'ಗುಬ್ಬೀ' ಅಂದಿ."

ಅದು ಚಿಕ್ಕಂದಿನ ಹೆಸರು. ಮನೆಯಲ್ಲಿ ಅಪ್ಪ ಮತ್ತು ಕಸ್ತೂರಿ ಇಬ್ಬರೇ ಹಾಗೆ ಕರೆಯುತ್ತಿದ್ದುದು.

"ದನಿ ಬ್ಯಾರೇ ಆಗಿತ್ತು. ಅಳಾಕತ್ತಿದ್ದಿ. 'ಗುಬ್ಬೀ, ನನಗ ಯಾಕ ಹೇಳಲಿಲ್ಲ? ನಾ ನಿನಗ ಏನೇನ ಅಂದುಬಿಟ್ಟೆ. ಈಗಿಂದೀಗ ಬಾ. ನನ್ನ ಮನಿಗೆ ಬಾ' ಅಂದಿ. ಆಮೇಲೆ ಹುಡುಗೂರು ಚೀರಿದ್ದು ಕೇಳಿಸ್ತು. ಮತ್ತ ಮೊದಲಿನ ದನಿ ಬಂತು. 'ಆತು, ಹೇಳು' ಅಂದಿ. ನಾ ಫೋನ್ ಇಟ್ಟು ಬಸ್ ಹತ್ತಿದೆ. ನಡುವಿನ ಮಾತು ದಾರಿಮಾತಲ್ಲ ಅಂತ ನನಗ ಅನಿಸ್ತು. ಇಲ್ಲಿಗೆ ಬಂದು ನಿನ್ನ ಮುಖಾ ನೋಡಿದ ಮ್ಯಾಲೆ ಅದೂ ಅನುಮಾನ ಬಂತು."

ಕಸ್ತೂರಿ ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡಳು. ಎರಡು ಸಲ ತೊಳೆದರೂ ತಲೆ ತಿಳಿಯಾಗಲಿಲ್ಲ. ಆರು ವರ್ಷ ಕಲ್ಲಾಗಿದ್ದ ತಾನು ತಂಗಿಯನ್ನು ತಂಗಿ ಎಂದು ಕರೆದದ್ದು ಆ ಹನ್ನೊಂದು ಸೆಕೆಂಡಿನಲ್ಲಿ. ಹನ್ನೆರಡು ಮಕ್ಕಳ ವ್ಯಾನನ್ನು ದಿಕ್ಕಿಲ್ಲದೆ ಬಿಟ್ಟು ಒಬ್ಬ ಮುದುಕನನ್ನು ಗಟಾರಕ್ಕೆ ಕೆಡವಿದ್ದೂ ಅದೇ ಹನ್ನೊಂದು ಸೆಕೆಂಡಿನಲ್ಲಿ. ಒಂದಕ್ಕೆ ಸಂತೋಷಪಡಬೇಕೆಂದರೆ ಇನ್ನೊಂದು ಅಡ್ಡ ಬಂದು ನಿಲ್ಲುತ್ತಿತ್ತು. ಆ ಮಾತು ತನ್ನದು ಅಂದರೆ ಆ ತಪ್ಪೂ ತನ್ನದು. ತಪ್ಪನ್ನು ಸಡಿಲ ಪಟ್ಟಿಯ ತಲೆಗೆ ಕಟ್ಟಿದರೆ ಮಾತೂ ಅದರ ಜೊತೆ ಹೋಗುತ್ತದೆ.

ಒಳಗೆ ಬಂದವಳು, "ಚಪ್ಪಲಿ ಮೆಟ್ಟಿಕೊ. ಕೇಂದ್ರಕ್ಕ ಹೋಗೂದೈತಿ" ಎಂದಳು.

ಈರಣ್ಣ ಬಾಗಿಲಲ್ಲಿ ತಡೆದ. "ಲೈಸೆನ್ಸ್ ಹೋಗತೈತಿ. ತಿಳಕೊಂಡು ಮಾಡು."

"ಅಜ್ಜ ಸತ್ತಿದ್ರ?"

"ಸತ್ತಿಲ್ಲಲ್ಲ."

"ಮುಂದಿನವರು ಸಾಯ್ತಾರ" ಎಂದಳು ಅವಳು. ಅವನು ಪಕ್ಕಕ್ಕೆ ಸರಿದ.

ಶಹನಾಜ್ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಬರೆಸಿಕೊಂಡಳು. ದಾಕ್ಷಾಯಣಿಯ ಫೋನಿನಲ್ಲಿದ್ದ ಕರೆಯ ಹೊತ್ತನ್ನೂ ಅವಳು ಹೇಳಿದ್ದನ್ನೂ ಗೆರೆಯ ಪಕ್ಕಕ್ಕೆ ಇಟ್ಟು ನೋಡಿದಳು. ಬಸ್ಸಿನಿಂದ ಇಳಿಸಿದ ಮಾತು ಮುಗಿದಲ್ಲಿಗೆ ಹಸಿರು ತುಂಡಾಗಿತ್ತು. ಮಕ್ಕಳು ಚೀರಿದಲ್ಲಿ ಮತ್ತೆ ಶುರುವಾಗಿತ್ತು.

"ನಾವು ಅನ್ಕೊಂಡಿದ್ವಿ, ಪಟ್ಟಿ ಮನಸ್ಸಿಗೆ ಬೇಲಿ ಅಂತ" ಎಂದಳು ಶಹನಾಜ್. "ಸಣ್ಣ ಮಾತಿಗೆ ಬೇಲಿ ಹೌದು. ದೊಡ್ಡ ಮಾತು ಬಂದ್ರ ಅದು ಏನೂ ಅಲ್ಲ. ಯಾವ ಫೋನಿನಾಗ ದೊಡ್ಡ ಮಾತು ಬರತೈತಿ ಅಂತ ಯಾರಿಗೆ ಗೊತ್ತು?"

ಕಸ್ತೂರಿ ಸಹಿ ಹಾಕಿದಳು. ಪಟ್ಟಿಯನ್ನೂ ಲೈಸೆನ್ಸನ್ನೂ ಮೇಜಿನ ಮೇಲಿಟ್ಟಳು. ಮರುದಿನ ಹನ್ನೆರಡು ಮನೆಗೂ ನಡೆದುಕೊಂಡೇ ಹೋಗಿ ನಡೆದದ್ದನ್ನು ಹೇಳಿದಳು. ಕೆಲವರು ಬೈದರು. ಒಬ್ಬರು ಮುಖದ ಮೇಲೆ ಬಾಗಿಲು ಹಾಕಿದರು. ಎರಡನೆಯ ಕ್ಲಾಸಿನ ಹುಡುಗಿಯ ತಾಯಿ ಮಾತ್ರ, "ಆ ಹೊತ್ತಿಗೆ ನಾನೂ ನಿಮಗ ಎರಡ ಸಲ ಫೋನ್ ಹಚ್ಚಿದ್ದೆ ಕಸ್ತೂರಕ್ಕಾ. ಬಿಜಿ ಬಂತು" ಎಂದಳು. ಆಮೇಲೆ ಮಗಳನ್ನು ಎತ್ತಿಕೊಂಡು ಒಳಗೆ ಹೋದಳು.

ತಿಂಗಳ ಮೇಲೆ ಆಜ್ಞೆ ಹೊರಟಿತು: ಪಟ್ಟಿ ಇರಲಿ ಬಿಡಲಿ, ಮಕ್ಕಳನ್ನು ಹೊತ್ತ ಗಾಡಿ ಚಲಿಸುತ್ತಿದ್ದಷ್ಟು ಹೊತ್ತು ಫೋನ್ ಸತ್ತಂತಿರಬೇಕು. ಉಳಿದ ಗಾಡಿಗಳ ವಿಚಾರ ಪರಿಶೀಲನೆಯಲ್ಲಿದೆ ಎಂದು ಅದರ ಕೊನೆಗೆ ಬರೆದಿತ್ತು. ಹಳೆಯ ಒಂಬತ್ತು ಗೆರೆಗಳನ್ನು ಮತ್ತೆ ತೆಗೆದಿದ್ದಾರೆ ಎಂದು ಶಹನಾಜ್ ಫೋನ್ ಮಾಡಿ ಹೇಳಿದಳು. ಕಸ್ತೂರಿಯ ಲೈಸೆನ್ಸ್ ಆರು ತಿಂಗಳು ತಡೆಯಾಯಿತು.

ಆದರೆ ಅದೆಲ್ಲ ಆಮೇಲಿನದು. ಸಹಿ ಹಾಕಿ ಬಂದ ಆ ಸಂಜೆ ಅಕ್ಕತಂಗಿಯರು ಆಟೋದಿಂದಿಳಿದು ಮನೆಯ ಮುಂದೆ ನಿಂತಿದ್ದರು. ದಾಕ್ಷಾಯಣಿ ಕಟ್ಟೆಯ ಹತ್ತಿರವೇ ತಡೆದು ನಿಂತಳು.

"ಅಕ್ಕಾ, ನಾ ಒಳಗ ಬರಲೋ ಬ್ಯಾಡೋ? ಈಗ ಹೇಳು. ನೆನಪಿಟಗೊಂಡು ಹೇಳು."

ಕಸ್ತೂರಿ ಬಾಯಿ ತೆರೆದಳು. ಗುಬ್ಬೀ ಎಂದು ಕರೆಯಬೇಕೆಂದಿದ್ದಳು. ಆರು ವರ್ಷ ಆಡದ ಹೆಸರು ನಾಲಿಗೆಯ ಮೇಲೆ ಬಂದು ನಿಂತುಬಿಟ್ಟಿತು. ನಿನ್ನೆ ಯಾವ ದನಿಯಲ್ಲಿ ಕರೆದಿದ್ದೆ, ಎಲ್ಲಿಂದ ಬಂತು ಆ ದನಿ ಎಂದು ತನ್ನೊಳಗೆಲ್ಲ ತಡಕಾಡಿದಳು. ಸಿಗಲಿಲ್ಲ.

"ಬಾ" ಎಂದಳು. ಗದರಿಸಿದ ಹಾಗೆ ಕೇಳಿಸಿತು. ಅವಳಿಗೇ ನಾಚಿಕೆಯಾಗಿ, ತಂಗಿಯ ಕೈಹಿಡಿದು ಎಳೆದಳು. ದಾಕ್ಷಾಯಣಿ ಅಕ್ಕನ ಮುಖವನ್ನು ಒಂದು ಗಳಿಗೆ ನೋಡಿ, ಹೊಸ್ತಿಲು ದಾಟಿ ಒಳಗೆ ಬಂದಳು.